ಹಾಲಿನ ಗಾಡಿಯಲ್ಲಿ ಬಿಪಿ ಮಾತ್ರೆ: ನನ್ನ ಅನುಭವ

"ಮಾತ್ರೆ ಹಂಚೋಕೆ ಹಾಲಿನ ಗಾಡಿನಾ?" ಅಂತ ನಕ್ಕವರಲ್ಲಿ ಇಬ್ಬರು ಈಗ ಅದೇ ಕೆಲಸ ಮಾಡುತ್ತಿದ್ದಾರೆ. ಹೆಸರು ಬೇಡ ಬಿಡಿ. ಲಾಕ್‌ಡೌನ್‌ನಲ್ಲಿ ಹಾಲಿನ ಗಾಡಿಯಲ್ಲಿ ಹಳ್ಳಿಗಳಿಗೆ ಬಿಪಿ, ಶುಗರ್ ಮಾತ್ರೆ ಮುಟ್ಟಿಸಿದ್ದು ಹೇಗೆ ಅಂತ ಫೋನ್ ಬರುತ್ತಲೇ ಇರುತ್ತದೆ. ಎಲ್ಲರಿಗೂ ಸೇರಿಸಿ ಒಂದೇ ಸಲ ಬರೆದಿದ್ದೇನೆ.

ನಮ್ಮದು ಆಂಧ್ರ ಗಡಿಯ ಬಾಗೇಪಲ್ಲಿ ತಾಲ್ಲೂಕಿನ ಸಣ್ಣ ಟ್ರಸ್ಟ್. ಸಂಬಳದವರು ಐದೇ ಜನ. ಮೊದಲು ಎರಡು ಕೆಲಸ ಇದ್ದವು: ಸಂಜೆ ಮಕ್ಕಳಿಗೆ ಪಾಠ, ತಿಂಗಳಿಗೊಮ್ಮೆ ಹಳ್ಳಿಯಲ್ಲಿ ಬಿಪಿ, ಶುಗರ್ ಕ್ಯಾಂಪ್. 2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು, ಎರಡೂ ನಿಂತವು. ನಮ್ಮ ಜಿಲ್ಲೆಯ ಗೌರಿಬಿದನೂರಿನಲ್ಲಿ ಆಗಲೇ ಕೊರೊನಾ ಕೇಸ್ ಬಂದಿದ್ದವು. ಹಾಗಾಗಿ ಜನರಲ್ಲಿ ಹೆದರಿಕೆ ಜಾಸ್ತಿ ಇತ್ತು.

ಎಲ್ಲರ ಹಾಗೆ ನಾವೂ ಮೊದಲು ಕಿಟ್ ಹಂಚಿದೆವು. ಬ್ಯಾಂಕಿನಲ್ಲಿ ಸುಮಾರು ಎರಡು ಲಕ್ಷ ನಲವತ್ತು ಸಾವಿರ ಇತ್ತು. ಒಂದು ಕಿಟ್‌ಗೆ 640 ರೂಪಾಯಿ, ಮುನ್ನೂರು ಕಿಟ್. ಒಂಬತ್ತು ದಿನದಲ್ಲಿ ಬಹುಪಾಲು ದುಡ್ಡು ಮುಗಿಯಿತು. ಪಟ್ಟಿಯಲ್ಲಿ ಯಾರ ಹೆಸರು, ಯಾರದ್ದು ಬಿಟ್ಟುಹೋಯಿತು ಅಂತ ಮೂರು ಊರಲ್ಲಿ ಜಗಳ. ಒಂದು ಊರಿನಲ್ಲಿ ನನ್ನ ಬೈಕಿನ ಗಾಳಿ ಬಿಟ್ಟಿದ್ದರು. ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ಬೇರೆ. ಐದೈದು ಕೆಜಿ ಅಕ್ಕಿ ಕೊಟ್ಟೆವಲ್ಲ, ಅದೇ ಏಪ್ರಿಲ್‌ನಿಂದ ಕೇಂದ್ರದಿಂದ ತಲೆಗೆ ಐದು ಕೆಜಿ ಉಚಿತ ಧಾನ್ಯ ಬಂತು. ರಾಗಿಯಂತೂ ಬಹಳ ಮನೆಗಳಲ್ಲಿ ಇದ್ದೇ ಇತ್ತು. ಜನಕ್ಕೆ ಬೇಕಾಗಿದ್ದು ಎಣ್ಣೆ, ಸೋಪು, ಟೀ ಪುಡಿ. ಜೊತೆಗೆ ಒಂದು ಅಜ್ಜಿ ಕಿಟ್ ಇಸ್ಕೊಂಡು ತೆಲುಗಿನಲ್ಲಿ ಕೇಳಿದರು, "ಮಾತ್ರಲು ತೇಲೇದಾ ಅಯ್ಯಾ?" ಮಾತ್ರೆ ತರಲಿಲ್ವಾ ಅಂತ.

ಅಲ್ಲಿ ಬುದ್ಧಿ ಬಂತು. ಬಸ್ಸಿಲ್ಲ, ಪೇಟೆಗೆ ಹೋದರೆ ಲಾಠಿ. ಗಡಿ ಮುಚ್ಚಿದ್ದರಿಂದ ಆಂಧ್ರದ ಕಡೆ ತೋರಿಸಿಕೊಳ್ಳುತ್ತಿದ್ದವರಿಗೆ ಅದೂ ಇಲ್ಲ. ಆಶಾ ಅಕ್ಕಂದಿರು ಜ್ವರದ ಸರ್ವೆಯಲ್ಲಿ ಸುಸ್ತಾಗಿದ್ದರು. ನಮ್ಮ ಕ್ಯಾಂಪ್ ಪುಸ್ತಕ ತೆಗೆದು ನೋಡಿದರೆ ದಿನಾ ಮಾತ್ರೆ ನುಂಗುವವರು ಸುಮಾರು 400 ಜನ, 23 ಹಳ್ಳಿಯಲ್ಲಿ.

ಜೀಪ್ ಬಾಡಿಗೆಗೆ ತಗೊಂಡೆವು. ಪಾಸ್‌ಗೆ ಅಲೆದಿದ್ದೇ ನಾಲ್ಕು ದಿನ. ಡೀಸೆಲ್, ಡ್ರೈವರ್ ಸೇರಿ ದಿನಕ್ಕೆ 2,200 ರೂಪಾಯಿ. ದಿನಕ್ಕೆ ಆರೇಳು ಹಳ್ಳಿ ಮುಟ್ಟಿದರೆ ಹೆಚ್ಚು. ನಾವು ಹೋದಾಗ ಜನ ಹೊಲದಲ್ಲಿ ಇರುತ್ತಿದ್ದರು. ಹನ್ನೊಂದು ದಿನಕ್ಕೆ 24 ಸಾವಿರ ಖರ್ಚಾಯಿತು, ಮಾತ್ರೆ ಸೇರಿದ್ದು ಅರ್ಧ ಜನಕ್ಕೂ ಇಲ್ಲ. ಜೀಪ್ ಬಿಟ್ಟೆವು.

ಹಾಲಿನ ವಿಚಾರ ಹೊಳೆದದ್ದು ರಸ್ತೆಯಲ್ಲಿ. ನಮ್ಮ ಜೀಪನ್ನು ಪೊಲೀಸರು ನಿಲ್ಲಿಸಿಕೊಂಡಿದ್ದರು. ಪಕ್ಕದಲ್ಲೇ ಕ್ಯಾನ್ ಗಾಡಿ ಹಾರನ್ ಹೊಡೆದುಕೊಂಡು ಹೋಯಿತು. ಯಾರೂ ಕೈ ಅಡ್ಡ ಇಡಲಿಲ್ಲ. ಹಾಲು ನಿಲ್ಲುವ ಹಾಗಿಲ್ಲ, ಅಲ್ವಾ? ಹಸುವಿಗೆ ಲಾಕ್‌ಡೌನ್ ಗೊತ್ತಿಲ್ಲ. ಗಾಡಿ ಹಳ್ಳಿಗೆ ಬರುವಾಗ ಖಾಲಿ ಕ್ಯಾನ್ ಹೊತ್ತು ಬರುತ್ತದೆ, ಕ್ಯಾಬಿನ್‌ನಲ್ಲಿ ಡ್ರೈವರ್ ಒಬ್ಬನೇ. ದಿನಕ್ಕೆ ಎರಡು ಸಲ, ಬೆಳಿಗ್ಗೆ ಸಂಜೆ, ಊರಿನ ಅರ್ಧ ಮನೆಯವರು ತಾವಾಗಿಯೇ ಡೈರಿ ಮುಂದೆ ಬಂದು ನಿಲ್ಲುತ್ತಾರೆ.

ನಮ್ಮ ಟ್ರಸ್ಟಿಗಳಿಗೆ ಹೇಳಿದೆ. ಒಬ್ಬರು "ಹಾಲಿಗೆ ಔಷಧ ಬಿದ್ದರೆ ಯಾರಪ್ಪಾ ಹೊಣೆ?" ಅಂದರು. ಲೆಕ್ಕ ಬರೆಯುವವರು "ಡ್ರೈವರ್ ವೋಚರ್ ಕೊಡ್ತಾನಾ?" ಅಂದರು. ಇನ್ನೊಂದು ಟ್ರಸ್ಟಿನ ಗೆಳೆಯ ಇದು ಒಂದು ವಾರವೂ ನಡೆಯಲ್ಲ ಅಂತ ಪಂದ್ಯ ಕಟ್ಟಿದ. ಬಿರಿಯಾನಿ ಇನ್ನೂ ಬಾಕಿ ಇದೆ.

ಏಪ್ರಿಲ್ ಮೂರನೇ ವಾರ ಆರು ಹಳ್ಳಿಯಲ್ಲಿ ಶುರು ಮಾಡಿದೆವು. ಡಾಕ್ಟರ ಚೀಟಿ ಇಲ್ಲದೆ ಒಂದು ಮಾತ್ರೆಯೂ ಕೊಡಬಾರದು ಅಂತ ಮೊದಲೇ ಗಟ್ಟಿ ಮಾಡಿಕೊಂಡೆವು. ಹಳೇ ಚೀಟಿಯ ಫೋಟೋ ತರಿಸಿ ಪಿಎಚ್‌ಸಿ (ಪ್ರಾಥಮಿಕ ಆರೋಗ್ಯ ಕೇಂದ್ರ) ಡಾಕ್ಟರಿಗೆ ತೋರಿಸಿದೆವು. ಮೂರನೇ ಒಂದು ಭಾಗ ಮಾತ್ರೆ ಅಲ್ಲೇ ಸಿಕ್ಕಿತು. ಉಳಿದದ್ದು ಜನೌಷಧಿ ಅಂಗಡಿಯಿಂದ. ಒಬ್ಬರಿಗೆ ಒಂದು ಬಟ್ಟೆ ಚೀಲ, ಒಂದು ತಿಂಗಳಿನ ಮಾತ್ರೆ. ಚೀಲಗಳ ಮೂಟೆ ಕ್ಯಾಬಿನ್‌ನಲ್ಲಿ, ಕ್ಯಾನ್‌ಗಳ ಹತ್ತಿರ ಅಲ್ಲ. ಮಂಗಳವಾರ, ಶುಕ್ರವಾರ ಮಾತ್ರ. ಡ್ರೈವರಿಗೆ ಟ್ರಿಪ್‌ಗೆ ನೂರು ರೂಪಾಯಿ. ಡೈರಿ ನಡೆಸುವ ಹಾಲಿನ ಸೊಸೈಟಿಗಳ ಸೆಕ್ರೆಟರಿಗಳನ್ನು ಒಪ್ಪಿಸಿದ್ದು ಹೇಗೆ ಅಂತ ಮಾತ್ರ ಇಲ್ಲಿ ಬರೆಯಲ್ಲ. ದುಡ್ಡು ಕೊಟ್ಟಿಲ್ಲ, ಅಷ್ಟು ಹೇಳಬಲ್ಲೆ.

ಎರಡನೇ ವಾರವೇ ಎಡವಟ್ಟು. ಒಂದೇ ಊರಿನಲ್ಲಿ ನಾಲ್ವರು ವೆಂಕಟಮ್ಮ. ಶುಗರಿನ ಚೀಲ ಬಿಪಿಯವರಿಗೆ ಹೋಯಿತು. ಪುಣ್ಯಕ್ಕೆ ಆಕೆ "ಇದು ದಪ್ಪ ಮಾತ್ರೆ, ನನ್ನದು ಸಣ್ಣದು" ಅಂತ ವಾಪಸ್ ತಂದುಕೊಟ್ಟರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಚೀಲದ ಮೇಲೆ ಹೆಸರಿನ ಜೊತೆ ಹಾಲಿನ ನಂಬರ್ ಬರೆದೆವು. ಸೊಸೈಟಿಯಲ್ಲಿ ಹಾಲು ಹಾಕುವ ಪ್ರತಿಯೊಬ್ಬರಿಗೂ ಒಂದು ನಂಬರ್ ಇರುತ್ತದಲ್ಲ, ಅದು. ಓದು ಬಾರದವರಿಗೂ ಅದು ಬಾಯಿಪಾಠ. ಆಮೇಲೆ ಚೀಲ ಅದಲುಬದಲಾಗಲಿಲ್ಲ.

ದೊಡ್ಡ ತಪ್ಪು ಗೊತ್ತಾಗಿದ್ದು ಮೇ ತಿಂಗಳಲ್ಲಿ. ಅರವತ್ತರ ಹತ್ತಿರ ಚೀಲಗಳು ಡೈರಿಯಲ್ಲೇ ಉಳಿದಿದ್ದವು. ಪಟ್ಟಿ ನೋಡಿದರೆ ಹೆಚ್ಚಿನವರು ದಲಿತ ಕಾಲೊನಿಯವರು. ಅವರಿಗೆ ಹಸು ಇಲ್ಲ, ಡೈರಿಗೆ ಬರುವ ಕೆಲಸವೇ ಇಲ್ಲ. ಕೆಲವು ಊರಲ್ಲಿ ಅಲ್ಲಿ ಬಂದು ನಿಲ್ಲುವುದಕ್ಕೂ ಸಂಕೋಚ. ಡೈರಿಯಿಂದ ಅವರ ಮನೆಗೆ ಒಯ್ದು ಕೊಡೋಕೆ ಯಾರೂ ಮುಂದೆ ಬರಲಿಲ್ಲ. ಕಾರಣ ನಿಮಗೂ ಗೊತ್ತು. ಜನ ಬರುವ ಜಾಗ ಅಂದುಕೊಂಡಾಗ ಯಾರು ಬರಲ್ಲ ಅಂತ ನಾನು ಎಣಿಸಿಯೇ ಇರಲಿಲ್ಲ. ನಮ್ಮ ಸಂಜೆ ಪಾಠದ ಟೀಚರ್‌ಗಳಲ್ಲಿ ಏಳು ಹುಡುಗಿಯರು ಕಾಲೊನಿಯವರೇ, ಪಾಠ ನಿಂತು ಸುಮ್ನೆ ಮನೆಯಲ್ಲಿದ್ದರು. ಪಾಠದ ಗೌರವಧನ ನಿಲ್ಲಿಸದೆ ಚೀಲ ಮನೆಗೆ ಮುಟ್ಟಿಸುವ ಕೆಲಸ ಕೊಟ್ಟೆವು. ಹಾಲಿನ ನಂಬರ್ ಇಲ್ಲದವರಿಗೆ 500ರಿಂದ ನಂಬರ್ ಕೊಟ್ಟೆವು. ಆಮೇಲೆ ಆ ಹುಡುಗಿಯರ ಪಟ್ಟಿ ನಮ್ಮ ಆಫೀಸಿನ ಪಟ್ಟಿಗಿಂತ ಚೆನ್ನಾಗಿತ್ತು.

ಈಗ ದುಡ್ಡು. ಮಾತ್ರೆ ಕೊಳ್ಳುವ ಖರ್ಚು ತಿಂಗಳಿಗೆ 35 ಸಾವಿರದ ಆಸುಪಾಸು, ಗಾಡಿಗೆ ಎರಡು ಸಾವಿರದೊಳಗೆ. ಅರ್ಧ ಬೆಲೆ ಜನರಿಂದ ಕೇಳಿದೆವು. ಇದಕ್ಕೆ ಬೈಸಿಕೊಂಡಿದ್ದೇನೆ. ಆದರೆ ಬಿಟ್ಟಿ ಕೊಟ್ಟ ಮಾತ್ರೆ ಡಬ್ಬಿಯಲ್ಲೇ ಕೂರುತ್ತದೆ, ಕ್ಯಾಂಪ್‌ಗಳಲ್ಲಿ ನೋಡಿದ್ದೇನೆ. ಹಾಲಿನ ಬಟವಾಡೆ ದಿನ ಡೈರಿಯಲ್ಲಿ ಒಂದು ಡಬ್ಬ ಇಟ್ಟೆವು. ಬಟವಾಡೆಯಲ್ಲೇ ಹಿಡಿದುಕೊಡ್ತೀನಿ ಅಂತ ಒಬ್ಬ ಸೆಕ್ರೆಟರಿ ಅಂದರು, ಬೇಡ ಅಂದೆ. ಅಲ್ಲಿಗೆ ಹೋದರೆ ನಾವು ಸಾಲ ವಸೂಲಿಯವರಾಗುತ್ತಿದ್ದೆವು. ಡಬ್ಬದಲ್ಲಿ ಹದಿನೇಳು ಸಾವಿರ ಬರಬೇಕಾದಲ್ಲಿ ಹದಿಮೂರು, ಹದಿನಾಲ್ಕು ಬರುತ್ತಿತ್ತು. ಕೊಡಲಾಗದವರನ್ನು ಕೇಳಲಿಲ್ಲ. ಉಳಿದ 22, 23 ಸಾವಿರ ನಮ್ಮ ಮೇಲೆ. ಜೀಪಿನ ಹನ್ನೊಂದು ದಿನದ ದುಡ್ಡಿನಲ್ಲಿ ಒಂದು ತಿಂಗಳು. ಜನೌಷಧಿ ಅಂಗಡಿಯವರು ನಲವತ್ತೈದು ದಿನ ಉದ್ದರಿ ಕೊಟ್ಟರು. ಅದರ ಗುಟ್ಟೂ ನನ್ನ ಹತ್ತಿರವೇ ಇರಲಿ.

ಆ 22 ಸಾವಿರ ಹೊಂದಿಸುವುದೇ ಕಷ್ಟವಾಯಿತು. ನಮಗೆ ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರಿಂದ ವಿದೇಶಿ ದೇಣಿಗೆಯ ಪಾಲು ಬರುತ್ತಿತ್ತು. 2020ರ ಸೆಪ್ಟೆಂಬರ್‌ನಲ್ಲಿ ವಿದೇಶಿ ದೇಣಿಗೆಯ ಕಾನೂನಿಗೆ (ಎಫ್‌ಸಿಆರ್‌ಎ) ತಿದ್ದುಪಡಿ ಆಗಿ, ಆ ದುಡ್ಡನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ಕೊಡುವ ಹಾಗಿಲ್ಲ ಅಂತಾಯಿತು. ನಮ್ಮಂಥವರ ಕಥೆ ಅಷ್ಟೇ. ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ದುಡ್ಡು) ಕೇಳಿಕೊಂಡು ಒಂದು ಕಂಪನಿಗೆ ಹೋದೆ. ಕಿಟ್ ಕೊಡುವ ಫೋಟೋ ಇದೆಯಾ ಅಂದರು. ಬಿಪಿ ಮಾತ್ರೆಯಲ್ಲಿ ಎಂಥ ಫೋಟೋ? ಕೊನೆಗೆ ಊರು ಬಿಟ್ಟು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗರನ್ನು ಹಿಡಿದೆವು. "ನಿಮ್ಮ ಅಮ್ಮನ ಚೀಲ, ಜೊತೆಗೆ ಪಕ್ಕದ ಮನೆಯವರ ಚೀಲ" ಅಂತ ತಿಂಗಳಿಗೆ 300 ರೂಪಾಯಿ. ಎಂಬತ್ತು ಜನ ಸೇರಿದರು, ಸುಮಾರು ಐವತ್ತು ಜನ ನಿಂತರು. ಉಳಿದದ್ದು ಅಲ್ಲಿ ಇಲ್ಲಿ.

ಇನ್ಸುಲಿನ್ ಮಾತ್ರ ಈ ಗಾಡಿಗೆ ಒಗ್ಗಲಿಲ್ಲ. ಒಂಬತ್ತು ಜನ ಇದ್ದರು. ಥರ್ಮಾಸ್ ಫ್ಲಾಸ್ಕಿನಲ್ಲಿ ಐಸ್ ಹಾಕಿ ಕಳಿಸಿದೆ. ವಯಲ್ ಐಸಿಗೆ ತಾಗಿ ಗಟ್ಟಿಯಾಯಿತು, ಬಿಸಾಡಿದೆವು. ನಾನೇ ಬೈಕಿನಲ್ಲಿ ಕೊಟ್ಟು ಬಂದೆ. ಫ್ರಿಜ್ ಇಲ್ಲದ ಮನೆಯಲ್ಲಿ, ಬಳಕೆಯಲ್ಲಿರುವ ವಯಲ್‌ಗೆ ದೊಡ್ಡ ಮಡಕೆಯೊಳಗೆ ಸಣ್ಣ ಮಡಕೆ, ನಡುವೆ ಒದ್ದೆ ಮರಳು. ಏಪ್ರಿಲ್ ಬಿಸಿಲಲ್ಲೂ ಒಳಗೆ 25, 26 ಡಿಗ್ರಿ ತೋರಿಸಿತು. ಇದು ನನ್ನ ಕಂಡುಹಿಡಿತ ಅಲ್ಲ, ಆದರೆ ಮರಳಿಗೆ ದಿನಾ ಎರಡು ಸಲ ನೀರು ಹಾಕಬೇಕು ಅಂತ ಯಾರೂ ಹೇಳಿರಲಿಲ್ಲ.

2021ರ ಎರಡನೇ ಅಲೆಗೆ ಇದೇ ದಾರಿ ಸಿದ್ಧವಿತ್ತು. ಏಪ್ರಿಲ್ ಕೊನೆಗೆ ಕರ್ಫ್ಯೂ ಬಂದಾಗ ನಾವು ಪಾಸ್‌ಗೆ ಅಲೆಯಲಿಲ್ಲ. ಡೈರಿಗೆ ಒಂದೊಂದು ಆಕ್ಸಿಮೀಟರ್ (ಬೆರಳಿಗೆ ಹಾಕಿ ರಕ್ತದ ಆಕ್ಸಿಜನ್ ನೋಡುವ ಯಂತ್ರ) ಇಟ್ಟೆವು. ಹಿಂದಿನ ವರ್ಷ ಆರುನೂರಕ್ಕೆ ಸಿಕ್ಕಿದ್ದು ಆಗ ಎರಡು ಸಾವಿರ ದಾಟಿತ್ತು. ಜ್ವರ ಇದ್ದವರು ಡೈರಿಗೆ ಬರಬಾರದು, ಯಂತ್ರವೇ ಅವರ ಮನೆಗೆ ಹೋಗಬೇಕು ಅಂತ ಮಾಡಿದೆವು. 94ಕ್ಕಿಂತ ಕೆಳಗೆ ಬಂದರೆ ಕೂಡಲೇ ಫೋನ್. ಒಬ್ಬ ಹೆಂಗಸಿಗೆ 88 ತೋರಿಸಿ ಆಂಬುಲೆನ್ಸ್ ತನಕ ಹೋಯಿತು. ನೋಡಿದರೆ ಉಗುರಿಗೆ ಕಪ್ಪು ಬಣ್ಣ, ಒರೆಸಿ ಹಾಕಿದರೆ 97. ನಗಬೇಡಿ, ಅದೇ ವಾರ ಇನ್ನೊಬ್ಬರಿಗೆ ತೋರಿಸಿದ 86 ನಿಜವಾಗಿತ್ತು. ಹನ್ನೆರಡು ದಿನ ಆಕ್ಸಿಜನ್‌ನಲ್ಲಿದ್ದು ಮನೆಗೆ ಬಂದರು.

ಈಗ 23ರಲ್ಲಿ 14 ಹಳ್ಳಿಯಲ್ಲಿ ಚೀಲ ಹೋಗುತ್ತಿದೆ. ಉಳಿದ ಕಡೆ ಬಸ್ ಬಂತು, ನಮ್ಮ ಅಗತ್ಯ ಇಲ್ಲ. ನೋಡಬೇಕು ಅನ್ನುವವರು ಬಟವಾಡೆ ದಿನ ಬನ್ನಿ, ಬೆಳಿಗ್ಗೆ ಆರೂವರೆಯೊಳಗೆ. ಏಳೂವರೆಗೆ ಹಾಲು ಅಳೆದು ಮುಗಿದಿರುತ್ತದೆ.