ಹೊಸ ಬ್ಯಾಟರಿ ಬೇಡ ಅಂದೆ: ಡಿಸೆಂಬರ್ ಚಳಿಯಲ್ಲಿ ನನ್ನ ಡೀಸೆಲ್ ಜೀಪ್

ಮೆಕ್ಯಾನಿಕ್ ‘ಇದು ಮುಗೀತು ಸಾರ್, ಎಕ್ಸ್‌ಚೇಂಜ್‌ಗೆ ಕೊಟ್ಬಿಡಿ’ ಅಂದ ಬ್ಯಾಟರಿಯೇ ಈಗಲೂ ನನ್ನ ಜೀಪ್‌ನಲ್ಲಿದೆ. ಈ ಚಳಿಗಾಲ ಒಂದು ದಿನವೂ ತಳ್ಳಿಸಲಿಲ್ಲ. ಭಾವ ಮಾತ್ರ ಇನ್ನೂ ನಂಬಿಲ್ಲ. ‘ಈ ಸಲ ಚಳಿ ಕಮ್ಮಿ ಇತ್ತು ಬಿಡು’ ಅನ್ನುತ್ತಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ತೋಟ ಕೊಡಗಿನ ಮಾದಾಪುರದ ಕಡೆ. ಅರೇಬಿಕಾ ಕೊಯ್ಲಿನ ಹೊತ್ತಿಗೆ ಬೆಳಗಿನ ಚಳಿ 10–12 ಡಿಗ್ರಿಗೆ ಇಳಿಯುತ್ತದೆ. ಇದೇನು ಲಡಾಖ್ ಅಲ್ಲ. ಇಷ್ಟಕ್ಕೆಲ್ಲ ಒಳ್ಳೆ ಬ್ಯಾಟರಿ ಸಾಯುವುದಿಲ್ಲ. ಅರ್ಧ ಚಾರ್ಜ್‌ನಲ್ಲಿ ಓಡುತ್ತಿದ್ದ ಬ್ಯಾಟರಿಯ ಬಂಡವಾಳ ಬಯಲಾಗುತ್ತದೆ, ಅಷ್ಟೇ. ಆಯಿಲ್ ಗಟ್ಟಿಯಾಗಿರುತ್ತದೆ, ಡೀಸೆಲ್ ಎಂಜಿನ್ ಹೊತ್ತಿಕೊಳ್ಳಲು ಮೊದಲು ಬಿಸಿ ಮಾಡುವ ಹೀಟರ್ ಪ್ಲಗ್ ಮೊದಲೇ ಒಂದಿಷ್ಟು ಕರೆಂಟ್ ತಿಂದಿರುತ್ತದೆ. ಸೆಲ್ಫ್ ಹೊಡೆದರೆ ಬರೀ ಕಟ ಕಟ. ಅತ್ತ ಲೈನ್ ಮನೆ ಹತ್ತಿರ ಕೆಲಸದವರು ಕಾಯುತ್ತಿರುತ್ತಾರೆ, ತೋಟದ ಲೆಕ್ಕ ನೋಡುವ ರೈಟರ್ ಫೋನ್ ಮೇಲೆ ಫೋನ್ ಮಾಡುತ್ತಾನೆ.

ಇಳಿಜಾರಿನಲ್ಲಿ ನಿಲ್ಲಿಸಿ, ಸೆಕೆಂಡ್ ಗೇರ್ ಹಾಕಿ ಕ್ಲಚ್ ಬಿಡುವ ವಿದ್ಯೆ ಕೊಡಗಿನಲ್ಲಿ ಯಾರಿಗೆ ಗೊತ್ತಿಲ್ಲ? ನಾನೂ ಬಹಳ ಕಾಲ ಹಾಗೇ ದಿನ ದೂಡಿದೆ. ಆದರೆ ಕುಶಾಲನಗರದ ಬಜಾರಿನಲ್ಲಿ ಇಳಿಜಾರು ಎಲ್ಲಿಂದ ತರುವುದು?

ಮೊದಲು ದುಡ್ಡು ಹೋದದ್ದು ಇದೇ ಬ್ಯಾಟರಿಗೆ. ಹಳೆಯದನ್ನು ಕೊಟ್ಟು ಮೇಲೆ ₹6,500 ಇರಬೇಕು. ಮುಂದಿನ ಚಳಿಗೆ ಮತ್ತೆ ಅದೇ ಕಟ ಕಟ. ಆಮೇಲೆ ಜಂಪರ್ ಕೇಬಲ್, ₹400. ಪ್ಲಾಸ್ಟಿಕ್ ಹೆಬ್ಬೆರಳು ದಪ್ಪ, ಒಳಗೆ ತಾಮ್ರದ ಬಣ್ಣ ಬಳಿದ ನಾಲ್ಕು ಅಲ್ಯೂಮಿನಿಯಂ ಎಳೆ. ಪಕ್ಕದ ತೋಟದ ಪಿಕಪ್‌ನಿಂದ ಕೊಟ್ಟು ಸೆಲ್ಫ್ ಹೊಡೆದರೆ ಕ್ಲಿಪ್ ಹತ್ತಿರ ಹೊಗೆ ಬಂತು. ಡೀಸೆಲ್ ಎಂಜಿನ್ ಸೆಲ್ಫ್ 200 ಆಂಪ್ ಮೇಲೆ ಎಳೆಯುತ್ತದೆ, ಆ ದಾರ ಎಲ್ಲಿ ತಡೆಯುತ್ತದೆ? ಮೂರನೆಯದು ಚಾರ್ಜರ್, ಎರಡು ಸಾವಿರ ಚಿಲ್ಲರೆ. ಸಂಜೆಯಾದರೆ ನಮ್ಮಲ್ಲಿ ವೋಲ್ಟೇಜ್ 160–170. ರಾತ್ರಿಯಿಡೀ ಹಾಕಿಟ್ಟರೂ ಚಾರ್ಜರ್ ಮುಳ್ಳು ಮಲಗಿದಲ್ಲೇ ಮಲಗಿರುತ್ತಿತ್ತು.

ನಡುವೆ ಬಲ್ಬಿನ ಪ್ರಯೋಗ ಒಂದಾಯಿತು. ಬಾನೆಟ್ ಒಳಗೆ 60 ವಾಟ್ ಬಲ್ಬ್ ನೇತುಹಾಕಿ ರಾತ್ರಿಯೆಲ್ಲ ಉರಿಸಿದೆ. ಎಂಜಿನ್ ಬೆಚ್ಚಗಾಗುತ್ತಿತ್ತು, ಸುಳ್ಳಲ್ಲ. ಆದರೆ ಆ ಸುದ್ದಿ ಇಲಿಗಳಿಗೂ ಮುಟ್ಟಿತು. ವಾರದೊಳಗೆ ಹೆಡ್‌ಲೈಟ್ ವೈರ್ ಕತ್ತರಿಸಿ ಸಂಸಾರ ಹೂಡಿದವು. ವೈರಿಂಗ್‌ನವನಿಗೆ ₹1,200 ಕೊಟ್ಟು ಬಲ್ಬ್ ಬಿಚ್ಚಿದೆ.

ಕೊನೆಗೆ ಕೈಹಿಡಿದದ್ದು ಪಂಪ್‌ಸೆಟ್ ನೋಡಲು ಇಟ್ಟುಕೊಂಡಿದ್ದ, ವೋಲ್ಟ್ ಅಳೆಯುವ ಮಲ್ಟಿಮೀಟರ್. ಹೆಂಡತಿಗೆ ಸೆಲ್ಫ್ ಹೊಡೆಯಲು ಹೇಳಿ ಬ್ಯಾಟರಿಯ ಎರಡು ಟರ್ಮಿನಲ್‌ಗೆ ಹಿಡಿದೆ. ಸೆಲ್ಫ್ ನರಳುತ್ತಿದ್ದಾಗಲೂ ಅಲ್ಲಿ 11 ವೋಲ್ಟ್ ಮೇಲೇ ತೋರಿಸುತ್ತಿತ್ತು. ಬ್ಯಾಟರಿಯೇ ಸೋತಿದ್ದರೆ ಅದು 9ರ ಹತ್ತಿರಕ್ಕೆ ಬೀಳಬೇಕಿತ್ತು, ಅಲ್ವಾ? ಆಮೇಲೆ ಮೀಟರ್‌ನ ಒಂದು ಕಡ್ಡಿ ಮೈನಸ್ ಟರ್ಮಿನಲ್‌ಗೆ, ಇನ್ನೊಂದು ಎಂಜಿನ್ ಬ್ಲಾಕಿಗೆ. ಮತ್ತೆ ಸೆಲ್ಫ್. ಹತ್ತಿರ ಹತ್ತಿರ 2 ವೋಲ್ಟ್! ಅರ್ಧ ವೋಲ್ಟ್ ಬಂದರೇ ಜಾಸ್ತಿ. ಸೆಲ್ಫ್‌ಗೆ ಸಿಗಬೇಕಾದ ವೋಲ್ಟೇಜ್ ದಾರಿಯಲ್ಲೇ ಕಳೆದುಹೋಗುತ್ತಿತ್ತು. ಕರೆಂಟ್ ಬ್ಯಾಟರಿಯ ಮೈನಸ್‌ಗೆ ಮರಳುವುದು ಎಂಜಿನ್‌ನಿಂದ ಚಾಸಿಗೆ ಹೋಗುವ ಅರ್ತ್ ಪಟ್ಟಿಯ ಮೂಲಕ. ಅದನ್ನು ಬಿಚ್ಚಿ ಬಗ್ಗಿಸಿದೆ. ತಾಮ್ರದ ಎಳೆಗಳ ನಡುವಿನಿಂದ ಹಸಿರು ಪುಡಿ ಉದುರಿತು, ಪಟ್ಟಿಯ ತುದಿಯಲ್ಲಿ ಬೋಲ್ಟ್ ಕೂರುವ ಲಗ್ಗಿನ ಕೆಳಗೆ ತುಕ್ಕು. ನಮ್ಮ ಮಳೆಗಾಲ ಸುಮ್ನೆ ಬಿಡುತ್ತದೆಯೇ?

ವೆಲ್ಡಿಂಗ್ ಶಾಪ್‌ನಿಂದ ಅಪ್ಪಟ ತಾಮ್ರದ ವೆಲ್ಡಿಂಗ್ ಕೇಬಲ್ ತಂದೆ, 35 ಚದರ ಎಂಎಂ. ಲಗ್ಗು ಸೇರಿ ₹700 ಆಗಿರಬಹುದು. ಲಗ್ಗನ್ನು ಸುತ್ತಿಗೆಯಲ್ಲಿ ಜಜ್ಜಬೇಡಿ, ಅದಕ್ಕೆಂದೇ ಇರುವ ಇಕ್ಕಳದಲ್ಲಿ ಅದುಮಿಸಿ ಕ್ರಿಂಪ್ ಮಾಡಿಸಿ. ಚಾಸಿ, ಬ್ಲಾಕ್ ಎರಡು ಕಡೆಯೂ ಎಮರಿ ಪೇಪರ್‌ನಲ್ಲಿ ಬಿಳಿ ಲೋಹ ಕಾಣುವವರೆಗೆ ಉಜ್ಜಿದೆ. ಬೋಲ್ಟ್ ಬಿಗಿದ ಮೇಲೆ ಏನು ಹಚ್ಚಿದೆ ಅಂತ ಮೆಕ್ಯಾನಿಕ್ ಈಗಲೂ ಕೇಳುತ್ತಾನೆ. ಅವನಿಗೇ ಹೇಳಿಲ್ಲ. ವ್ಯಾಸಲೀನ್ ಹಚ್ಚಿದರೂ ನಡೆಯುತ್ತದೆ. 2 ವೋಲ್ಟ್ ಇದ್ದದ್ದು 0.2ಕ್ಕೆ ಇಳಿಯಿತು. ಸೆಲ್ಫ್ ಸದ್ದೇ ಬೇರೆಯಾಯಿತು.

ಆದರೂ ಬೆಳಿಗ್ಗೆ ಬ್ಯಾಟರಿ 12.2 ವೋಲ್ಟ್‌ನಲ್ಲೇ, ಅಂದರೆ ಹೆಚ್ಚುಕಮ್ಮಿ ಅರ್ಧ ಚಾರ್ಜ್‌ನಲ್ಲೇ ನಿಲ್ಲುತ್ತಿತ್ತು. ಮನೆಯಿಂದ ಕಣ, ಕಣದಿಂದ ಗೋಡೌನ್. ಅಷ್ಟು ಓಟಕ್ಕೆ ಡೈನಮೋ ಏನು ತುಂಬಿಸೀತು? ಕೀ ತೆಗೆದ ಮೇಲೂ 0.2 ಆಂಪ್ ಸೋರಿಕೆ ಬೇರೆ, ದಿನಕ್ಕೆ ಸುಮಾರು 5 ಆಂಪ್-ಅವರ್. ಫ್ಯೂಸ್ ಒಂದೊಂದಾಗಿ ಕಿತ್ತು ನೋಡಿದೆ, ಕಳ್ಳ ಸ್ಟೀರಿಯೊ. ಅದರ ಫ್ಯೂಸ್ ತೆಗೆದರೆ 0.04.

ತುಂಬಿಸಲು ಸೋಲಾರ್ ಹಾಕುತ್ತೇನೆ ಅಂದಾಗ ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಮಳೆ ಊರಲ್ಲಿ ಸೋಲಾರಾ ಮಾರಾಯ?’ ಚಳಿಗಾಲದಲ್ಲಿ ಇಲ್ಲಿ ಮಳೆ ಎಲ್ಲಿದೆ? ಮಂಜು ಹತ್ತು ಗಂಟೆಗೆ ಕರಗಿದರೆ ಸಂಜೆಯವರೆಗೆ ಚುರುಕು ಬಿಸಿಲು. 20 ವಾಟ್ ಪ್ಯಾನೆಲ್ ಜೀಪ್ ಶೆಡ್ಡಿನ ಶೀಟಿನ ಮೇಲೆ ಕೂರಿಸಿದೆ, ₹1,600. ಬ್ಯಾಟರಿ ಅತಿಯಾಗಿ ಚಾರ್ಜ್ ಆಗದಂತೆ ತಡೆಯುವ ಕಂಟ್ರೋಲರ್ ₹500. ಕಂಟ್ರೋಲರ್‌ಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬ್ಯಾಟರಿ ಪ್ಲಸ್ ಹತ್ತಿರ 5 ಆಂಪ್ ಫ್ಯೂಸ್ ಬಿಡಬೇಡಿ. ಹೆಚ್ಚೆಂದರೆ 1 ಆಂಪ್ ಬರುತ್ತದೆ, ಆದರೆ ಬಿಸಿಲಿರುವಾಗ ಜೀಪ್ ಶೆಡ್ಡಿನಲ್ಲಿ ನಿಂತಾಗಲೆಲ್ಲ ಬರುತ್ತಲೇ ಇರುತ್ತದೆ. ಎರಡು ವಾರದಲ್ಲಿ ಬೆಳಗಿನ ಲೆಕ್ಕ 12.6 ಮುಟ್ಟಿತು, ಅಂದರೆ ಹತ್ತಿರ ಹತ್ತಿರ ಫುಲ್ ಚಾರ್ಜ್. ಮಂಗಗಳಿಂದ ಪ್ಯಾನೆಲ್ ಹೇಗೆ ಉಳಿಸಿಕೊಂಡೆ ಅಂತ ಮಾತ್ರ ಕೇಳಬೇಡಿ.

ಜೂನ್‌ನಿಂದ ಆಗಸ್ಟ್‌ವರೆಗೆ ಈ ಪ್ಯಾನೆಲ್ ದಂಡ, ಅಲ್ಲಿ ಭಾವನ ಮಾತೇ ಸರಿ. ಆಗ ಮೈನಸ್ ಟರ್ಮಿನಲ್ ಕಳಚಿಡುತ್ತೇನೆ. ನಡುರಾತ್ರಿ ವೋಲ್ಟೇಜ್ ಸರಿ ಇರುವ ದಿನ ನೋಡಿಕೊಂಡು, ತಿಂಗಳಿಗೊಮ್ಮೆ ಚಾರ್ಜರ್. ಡಿಸ್ಟಿಲ್ಡ್ ವಾಟರ್ ನೋಡುವುದೂ ಆಗಲೇ.