ಹೊತ್ತಿನ ಲೆಕ್ಕದಲ್ಲಿ ಮದುವೆ ಫೋಟೊಗ್ರಫಿ ದರ: ಆಲ್ಬಂ ಹೊರಗಿಟ್ಟ ಮೇಲೆ ಉಳಿದದ್ದು

"ಆಲ್ಬಂ ಇಲ್ಲದ ಪ್ಯಾಕೇಜಾ? ಹಾಸನದಲ್ಲಿ ಯಾರು ಬುಕ್ ಮಾಡ್ತಾರೆ?" ಎಂದು ನಕ್ಕವರೇ ಈಗ ನನ್ನ ರೇಟ್ ಶೀಟ್ ಕೇಳುತ್ತಿದ್ದಾರೆ. ಶೀಟ್ ಕೊಟ್ಟರೆ ಪ್ರಯೋಜನವಿಲ್ಲ. ನನ್ನ ಬಾಡಿಗೆ, ನನ್ನ ಹುಡುಗರ ಕೂಲಿ ನಿಮ್ಮ ಊರಿಗೆ ಹೊಂದುವುದಿಲ್ಲ. ಲೆಕ್ಕದ ದಾರಿ ಹೊಂದೀತು: ದಿನಕ್ಕಲ್ಲ, ಗಂಟೆಗಲ್ಲ, ಚಪ್ಪರ, ಆರತಕ್ಷತೆ, ಮುಹೂರ್ತ ಅಂತ ಒಂದೊಂದು ಹೊತ್ತಿಗೆ ದರ, ಆಲ್ಬಂ ಅದರ ಹೊರಗೆ. ಅಂಕಿಗಳೆಲ್ಲ ನೆನಪಿನಿಂದ, ನೂರಿನ್ನೂರು ಆಚೆ ಈಚೆ.

ಮೊದಲು ಹಳೇ ಪ್ಯಾಕೇಜು ಬಿಚ್ಚಿ ಹಾಕುತ್ತೇನೆ. ದರ 85,000. ಎರಡು ದಿನ, ಕ್ಯಾಂಡಿಡ್ (ಪೋಸ್ ಕೊಡಿಸದೆ ತೆಗೆಯುವ ಫೋಟೊ) ನಾನೇ. ನಿಲ್ಲಿಸಿ ತೆಗೆಯುವ ಟ್ರೆಡಿಷನಲ್ ಫೋಟೊ ಹುಡುಗನಿಗೆ ದಿನಕ್ಕೆ 4,000ದಂತೆ 8,000, ಟ್ರೆಡಿಷನಲ್ ವಿಡಿಯೊಗೂ ಅಷ್ಟೇ. ಸಿನಿಮಾ ಥರದ ವಿಡಿಯೊ, ಅಂದರೆ ಸಿನಿಮ್ಯಾಟಿಕ್‌ಗೆ ದಿನಕ್ಕೆ 9,000, ಒಟ್ಟು 18,000. ಲೈಟ್ ಹಿಡಿಯುವ ಹುಡುಗ 2,400. ಡ್ರೋನ್ 5,000. ಹೈಲೈಟ್ಸ್ ಎಡಿಟಿಂಗ್, ಉದ್ದ ವಿಡಿಯೊ ಮಿಕ್ಸಿಂಗ್ ಸೇರಿ 11,000. 12×36 ಇಂಚಿನ ಆಲ್ಬಂ 40 ಶೀಟ್, ಎರಡು ಪ್ರತಿ: ಪ್ರಿಂಟ್ ಶೀಟಿಗೆ 170ರಂತೆ 13,600, ಡಿಸೈನ್ 60ರಂತೆ 2,400, ಹೊದಿಕೆಯ ಪ್ಯಾಡು, ಬಾಕ್ಸು ಎರಡು ಪ್ರತಿಗೆ 5,000. ಚೌಕಾಸಿಯಲ್ಲಿ 'ಫ್ರೀ' ಎಂದು ಬಿಟ್ಟುಕೊಟ್ಟ ಪ್ರೀವೆಡ್ಡಿಂಗ್‌ಗೆ ಕ್ಯಾಮೆರಾಮನ್, ಡೀಸೆಲ್, ಊಟ ಅಂತ 12,000. ಫ್ರೇಮ್, ಕ್ಯಾಲೆಂಡರ್, ಪೆನ್‌ಡ್ರೈವ್ 2,500. ಕೂಡಿ: 87,900.

ಅಂದರೆ 85ಕ್ಕೆ ಮಾರಿದ ಮದುವೆಗೆ 88 ಖರ್ಚು, ನನ್ನ ಎರಡು ದಿನದ ದುಡಿಮೆ ಮತ್ತು ಸ್ಟುಡಿಯೊ ಬಾಡಿಗೆ ಲೆಕ್ಕಕ್ಕೇ ಇಲ್ಲ. ಇದು ವರ್ಷಗಟ್ಟಲೆ ಗೊತ್ತಾಗದಿರಲು ಒಂದೇ ಕಾರಣ: ಮುಂದಿನ ಮದುವೆಯ ಅಡ್ವಾನ್ಸಿನಲ್ಲಿ ಹಿಂದಿನ ಮದುವೆಯ ಆಲ್ಬಂ ಪ್ರಿಂಟ್ ಹಾಕಿದ ಲ್ಯಾಬ್ ಬಿಲ್ ಕಟ್ಟುತ್ತಿದ್ದೆ. ಸೀಸನ್ ಓಡುವವರೆಗೆ ಕೈಯಲ್ಲಿ ದುಡ್ಡು ಆಡುತ್ತದೆ. ಆಷಾಢ ಬಂತು ಅನ್ನಿ, ಅಡ್ವಾನ್ಸ್ ನಿಂತಿತು, ಲ್ಯಾಬಿನವನ ಫೋನು ಶುರುವಾಯಿತು. ಆಷಾಢದಲ್ಲಿ ಸಾಲ ಮಾಡುವ ಸ್ಟುಡಿಯೊಗಳಿಗೆ ಕೆಲಸ ಕಮ್ಮಿಯಾದದ್ದಲ್ಲ ತೊಂದರೆ, ದರ ತಪ್ಪಿದ್ದು.

ಸರಿಮಾಡಲು ಮೊದಲು ಮಾಡಿದ್ದು ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಮೂರು ದರದ ಪ್ಯಾಕೇಜು. ಎಲ್ಲರೂ ಮಾಡುವ ತಪ್ಪೇ. ಪ್ರತಿ ಪ್ಯಾಕೇಜಿನ ಕೆಳಗೆ ಹನ್ನೆರಡು ಐಟಂ ಬರೆದರೆ ಗಿರಾಕಿಗೆ ಹಿಡಿದು ಎಳೆಯಲು ಹನ್ನೆರಡು ಹಿಡಿ ಕೊಟ್ಟಂತೆ. "ಡ್ರೋನ್ ಬೇಡ, ಹತ್ತು ಸಾವಿರ ಕಮ್ಮಿ ಮಾಡಿ" ಅನ್ನುತ್ತಾರೆ. ಡ್ರೋನಿಗೆ ನನ್ನ ಖರ್ಚೇ ಐದು. ಪ್ಲಾಟಿನಂನ ಐಟಂ ಪಟ್ಟಿ ಹಿಡಿದುಕೊಂಡು ಸಿಲ್ವರ್ ದರ ಕೇಳುತ್ತಾರೆ. ಮೂರರಲ್ಲಿ ಎರಡು ಬುಕಿಂಗ್ 45,000ದ ಸಿಲ್ವರ್‌ಗೇ ಬಿದ್ದವು. ಮಾರಿದರೆ ನಷ್ಟವಾಗುವ ಪ್ಯಾಕೇಜನ್ನು ಶೀಟಿನಲ್ಲಿ ಬರೆಯಲೇಬಾರದು.

ಆಮೇಲೆ ಗಂಟೆ ಲೆಕ್ಕ. ಒಂದೇ ಸೀಸನ್ನಿಗೆ ಬಿಟ್ಟೆ. ಎಂಟಕ್ಕೆ ಸ್ಟೇಜ್ ಹತ್ತಬೇಕಾದ ಹೆಣ್ಣು ಒಂಬತ್ತಕ್ಕೆ ಹತ್ತಿದರೆ ಆ ಒಂದು ಗಂಟೆ ಯಾರ ತಲೆಗೆ? ಸ್ಟೇಜ್ ಮುಂದೆ ಇನ್ನೂರು ಜನ ಉಡುಗೊರೆ ಹಿಡಿದು ನಿಂತಿರುವಾಗ ಹುಡುಗಿಯ ತಂದೆ ವಾಚು ನೋಡಿದರೆ ಫೋಟೊದಲ್ಲಿ ಅದೇ ಮುಖ ಬರುತ್ತದೆ.

ಕೊನೆಗೆ ನಿಂತದ್ದು ಹೊತ್ತಿನ ಲೆಕ್ಕ. ನಮ್ಮ ಮದುವೆ ಇರುವುದೇ ಹೊತ್ತುಗಳಲ್ಲಿ: ಚಪ್ಪರ, ಆರತಕ್ಷತೆ, ಮುಹೂರ್ತ, ಬೀಗರೂಟ. ಹೊತ್ತಿನ ಗಡಿಯನ್ನು ಗಡಿಯಾರದಿಂದ ಹಾಕದೆ ಶಾಸ್ತ್ರದಿಂದ ಹಾಕಿದೆ. ಆರತಕ್ಷತೆಯ ಹೊತ್ತು ಹೆಣ್ಣಿನ ಮೇಕಪ್ ಕೊನೆಯಿಂದ ಶುರು. ಹೆಣ್ಣು ಗಂಡು ಊಟಕ್ಕೆ ಕೂತು ಒಬ್ಬರ ಬಾಯಿಗೊಬ್ಬರು ತುತ್ತಿಟ್ಟ ಫೋಟೊ ತೆಗೆದಲ್ಲಿಗೆ ಮುಗಿಯಿತು. ಮುಹೂರ್ತದ್ದು ಕಾಶಿಯಾತ್ರೆಯಿಂದ ಹಿಡಿದು ಧಾರೆ, ಮಾಂಗಲ್ಯ, ಸಪ್ತಪದಿ, ಅರುಂಧತಿ ತೋರಿಸುವುದು, ಹೆಣ್ಣು ಒಪ್ಪಿಸುವವರೆಗೆ. ಚಪ್ಪರದ್ದು ಕಂಬದ ಪೂಜೆಯಿಂದ ಅರಿಶಿನ, ಬಳೆ ಶಾಸ್ತ್ರದವರೆಗೆ. ರಾತ್ರಿ ಹನ್ನೆರಡು ದಾಟಿದರೆ ಮಾತ್ರ ಹುಡುಗರಿಗೆ ತಲೆಗೆ 500 ಹೆಚ್ಚು, ಅದನ್ನು ಮೊದಲೇ ಬರೆದಿರುತ್ತೇನೆ. ಎಲ್ಲಿ ಮುಗಿಯುತ್ತದೆ ಅನ್ನುವುದಕ್ಕೆ ಆಮೇಲೆ ಜಗಳವೇ ಬಂದಿಲ್ಲ.

ದರ ಹೀಗೆ ಬಂತು. ವರ್ಷದ ನಿಂತ ಖರ್ಚು: ಎರಡು ಕ್ಯಾಮೆರಾ ಬಾಡಿ, ಲೆನ್ಸು, ಕ್ಯಾಮೆರಾ ಅಲುಗದಂತೆ ಹಿಡಿಯುವ ಗಿಂಬಲ್ ಸೇರಿ ಸುಮಾರು 9 ಲಕ್ಷದ ಸಾಮಾನು ನಾಲ್ಕು ವರ್ಷಕ್ಕೆ ಸವೆಯುತ್ತದೆ ಅಂದುಕೊಂಡರೆ ವರ್ಷಕ್ಕೆ 2.25 ಲಕ್ಷ. ಬಾಡಿಗೆ 1.44 ಲಕ್ಷ. ಸ್ಟುಡಿಯೊದಲ್ಲಿ ಕೂರುವ ಹುಡುಗನ ಸಂಬಳ 2.16 ಲಕ್ಷ. ಹಾರ್ಡ್‌ಡಿಸ್ಕ್, ವಿಮೆ, ಸಾಫ್ಟ್‌ವೇರ್, ಕರೆಂಟು 75,000. ಒಟ್ಟು 6.6 ಲಕ್ಷ. ವರ್ಷಕ್ಕೆ 30 ಮದುವೆ, ಮದುವೆಗೆ ಮೂರು ಹೊತ್ತು, ಅಂದರೆ 90 ಹೊತ್ತು, ಹೊತ್ತಿಗೆ 7,300. ನನ್ನ ಸಂಬಳ ತಿಂಗಳಿಗೆ 50,000 ಅಂದರೆ ಹೊತ್ತಿಗೆ 6,700. ಇದನ್ನು ಬರೆಯದೆ ದರ ಕಟ್ಟಿದರೆ ನೀವು ನಿಮ್ಮ ಸ್ಟುಡಿಯೊಗೇ ಪುಕ್ಕಟೆ ಆಳು.

ಹುಡುಗರ ಅರ್ಧ ದಿನದ ಕೂಲಿ ದಿನದ್ದರ ಅರ್ಧ ಆಗುವುದಿಲ್ಲ, ಇಲ್ಲಿ ಎಡವಬೇಡಿ. 4,000ದವನು ಒಂದು ಹೊತ್ತಿಗೆ 2,500 ಕೇಳುತ್ತಾನೆ, 9,000ದವನು 6,000. ಕೇಳುವುದು ಸರಿಯೇ, ಉಳಿದರ್ಧ ದಿನ ಅವನಿಗೆ ಬೇರೆ ಕೆಲಸ ಸಿಗುವುದಿಲ್ಲ. ಪೂರ್ತಿ ತಂಡಕ್ಕೆ, ಅಂದರೆ ಟ್ರೆಡಿಷನಲ್ ಫೋಟೊ, ಟ್ರೆಡಿಷನಲ್ ವಿಡಿಯೊ, ಸಿನಿಮ್ಯಾಟಿಕ್‌ಗೆ, ಲೈಟ್ ಹುಡುಗನ 800 ಸೇರಿ 11,800. ಎಡಿಟಿಂಗ್ ಹೊತ್ತಿಗೆ 3,000. ಮೇಲಿನ 7,300, 6,700 ಎರಡನ್ನೂ ಕೂಡಿಸಿ 28,800; ಕೈಕೊಡುವ ಬಾಕಿ, ಮತ್ತೆ ಮಾಡುವ ಕೆಲಸಕ್ಕೆ ಹತ್ತು ಪರ್ಸೆಂಟ್; ಸುತ್ತು ಹಾಕಿ 32,000. ನಾನು ಹೋಗದ ಜೋಡಿ ತಂಡ, ಒಬ್ಬ ಫೋಟೊ ಒಬ್ಬ ವಿಡಿಯೊ, 14,000. ಚಪ್ಪರಕ್ಕೆ ಇದು ಸಾಕು.

ಹೀಗಾಗಿ ಶೀಟಿನಲ್ಲಿ ಈಗ ಇರುವುದು ಮೂರೇ ಸಾಲು. ಆರತಕ್ಷತೆ ಮತ್ತು ಮುಹೂರ್ತ, ಎರಡೂ ಪೂರ್ತಿ ತಂಡ, 64,000. ಅದರ ಜತೆ ಚಪ್ಪರಕ್ಕೆ ಜೋಡಿ ತಂಡ, 78,000. ಬೀಗರೂಟಕ್ಕೂ ಜೋಡಿ ತಂಡ ಸೇರಿದರೆ 92,000. ಆಲ್ಬಂ ಮೂರರಲ್ಲೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಜನ ಹಿಡಿಯುವುದು ನಡುವಿನದ್ದು.

ಹೊತ್ತಿನ ಲೆಕ್ಕದಿಂದ ನಾನು ಎಣಿಸಿರದ ಒಂದು ಲಾಭವೂ ಆಯಿತು. ನಮ್ಮ ಕಡೆ ಆರತಕ್ಷತೆ, ಬೀಗರೂಟ ಗಂಡಿನವರದು, ಚಪ್ಪರ ಮುಹೂರ್ತ ಹೆಣ್ಣಿನವರದು ಎಂದು ಖರ್ಚು ಹಂಚಿಕೊಳ್ಳುವ ಮನೆಗಳು ಬಹಳ. ಮೊದಲು ಒಂದೇ ಬಿಲ್ ಇಬ್ಬರ ನಡುವೆ ಓಡಾಡುತ್ತಿತ್ತು, ಇಲ್ಲವೇ ಇಬ್ಬರೂ ಬೇರೆ ಬೇರೆ ಫೋಟೊಗ್ರಾಫರ್ ಕರೆದು ಸ್ಟೇಜ್ ಮೇಲೆ ಎಂಟು ಜನ ತಳ್ಳಾಡುತ್ತಿದ್ದರು. ಈಗ ಎರಡು ಬಿಲ್ ಕೊಡುತ್ತೇನೆ, ಎರಡು ಮನೆಗೂ ಅವರವರ ಹೊತ್ತು. ಎದುರು ಕಡೆಯ ಫೋಟೊಗ್ರಾಫರ್ ಕ್ಯಾನ್ಸಲ್ ಆಗಿ ಆ ಹೊತ್ತುಗಳೂ ನನಗೇ ಬಂದ ಮದುವೆಗಳು ಹೋದ ಸೀಸನ್ನಲ್ಲಿ ಐದೋ ಆರೋ. ಎಚ್ಚರ ಒಂದೇ: ಯಾರ ಹೊತ್ತಿನ ಫೈಲು ಯಾರಿಗೆ ಸೇರುತ್ತದೆ ಅನ್ನುವುದನ್ನು ಬುಕಿಂಗ್ ಹಾಳೆಯಲ್ಲೇ ಬರೆಸಿಕೊಳ್ಳಿ. ಬೀಗರ ಮಧ್ಯೆ ಮುನಿಸು ಬಂದರೆ ಮೊದಲು ಹಿಡಿದಿಡುವುದು ಹಾರ್ಡ್‌ಡಿಸ್ಕನ್ನೇ.

ಇನ್ನು ಆಲ್ಬಂ. ಮದುವೆಗೆ ಮುಂಚೆ ಆ ಮನೆಯ ತಲೆಯಲ್ಲಿ ಛತ್ರ, ಅಡುಗೆ, ಚಿನ್ನ ಇರುತ್ತದೆ. ಆಲ್ಬಂ ಕಾಣುವುದು ಕಡಿತ ಮಾಡಬಹುದಾದ ಸಾಲಾಗಿ. ಮದುವೆ ಮುಗಿದು ಮೂರು ವಾರಕ್ಕೆ ಫೋಟೊ ನೋಡಿದಾಗ ಅದೇ ಮನೆ "ಇದೂ ಇರಲಿ, ಅದೂ ಇರಲಿ" ಅನ್ನುತ್ತದೆ. ಶೀಟಿಗೆ 550, ಪ್ಯಾಡ್ ಬಾಕ್ಸ್ 5,000, ಕನಿಷ್ಠ 25 ಶೀಟ್, ಎರಡನೇ ಪ್ರತಿಗೆ ಶೀಟಿಗೆ 380. ಮೂವತ್ತು ಮದುವೆಯಲ್ಲಿ 24 ಮನೆ ಆಲ್ಬಂ ಮಾಡಿಸಿದರು, ಸರಾಸರಿ 42 ಶೀಟ್, ಪುಕ್ಕಟೆ ಕೊಡುತ್ತಿದ್ದಾಗಿನದಕ್ಕಿಂತ ಎರಡು ಹೆಚ್ಚೇ. ಒಂದು ಪ್ರತಿಗೆ 28,100 ಬಂದರೆ ಪ್ರಿಂಟು, ಡಿಸೈನು, ಪ್ಯಾಡು ಕಳೆದು ಹತ್ತಿರ 16,000 ಉಳಿಯುತ್ತದೆ. ಮಾಡಿಸದ ಆರು ಮನೆಯಿಂದ ನಷ್ಟವಿಲ್ಲ, ಅವರ ಹೊತ್ತಿನ ದುಡ್ಡು ಬಂದಾಗಿದೆ.

ಇದು ಸುಲಭವಾಗಿ ಬರಲಿಲ್ಲ. ಮೊದಲ ವರ್ಷ ಆಲ್ಬಂಗೆ ಯಾವ ಫೋಟೊ ಅನ್ನುವ ಸೆಲೆಕ್ಷನ್ ಎಂಟು ತಿಂಗಳಾದರೂ ಬರುತ್ತಿರಲಿಲ್ಲ, 3,000 ಫೋಟೊ ನೋಡುವ ತಾಳ್ಮೆ ಯಾರಿಗಿದೆ? ಈಗ 350 ನಾನೇ ಆರಿಸಿ ಕೊಡುತ್ತೇನೆ, ಅದರಲ್ಲಿ ಬೇಡದ್ದನ್ನು ತೆಗೆಯುವುದಷ್ಟೇ ಅವರ ಕೆಲಸ. ಅರವತ್ತು ದಿನ ದಾಟಿದರೆ ಆಗ ಇರುವ ಲ್ಯಾಬ್ ದರ. ಡಿಸೈನ್ ಶುರುವಾಗುವ ಮೊದಲು ಅರ್ಧ ದುಡ್ಡು. ಆಲ್ಬಂ ನಿರ್ಧರಿಸುವವರು ಹುಡುಗ ಹುಡುಗಿ ಅಲ್ಲ, ಹುಡುಗಿಯ ತಾಯಿ. ಫೋಟೊ ಲಿಂಕು ಯಾರಿಗೆ ಹೋಗಬೇಕೆಂದು ಇದರಿಂದಲೇ ತಿಳಿಯಿರಿ. ಮೊದಲ ಆರು ಶೀಟಿನಲ್ಲಿ ಯಾವ ಫೋಟೊ, ಯಾವ ಕ್ರಮದಲ್ಲಿ ಇಟ್ಟು ತೋರಿಸುತ್ತೇನೆ ಅನ್ನುವುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು.

ದುಡ್ಡು ಬರುವ ಕ್ರಮ: ತಾರೀಕು ಹಿಡಿಯಲು ಕಾಲು ಭಾಗ, ವಾಪಸ್ ಇಲ್ಲ. ಅರ್ಧ ಆರತಕ್ಷತೆಯ ದಿನ ಮಧ್ಯಾಹ್ನದೊಳಗೆ. ಉಳಿದ ಕಾಲು ಫೋಟೊ ಲಿಂಕಿಗೆ ಮುಂಚೆ. ಹಿಂದೆ 10,000 ಅಡ್ವಾನ್ಸ್, ಬಾಕಿಯೆಲ್ಲ ಆಲ್ಬಂ ಕೊಟ್ಟ ಮೇಲೆ ಅಂತಿದ್ದಾಗ ಒಂದು ಹಂತದಲ್ಲಿ ಊರ ಮೇಲೆ 4 ಲಕ್ಷ ಬಾಕಿ ಬಿದ್ದಿತ್ತು. ಮದುವೆ ಮುಗಿದ ಮನೆಯಲ್ಲಿ ಫೋಟೊಗ್ರಾಫರ್ ಸರದಿ ಅಡುಗೆಯವರು, ಹೂವಿನವರು, ಛತ್ರದವರೆಲ್ಲ ಆದ ಮೇಲೆ.

ಫೋನಿನಲ್ಲಿ "ರೇಟ್ ಎಷ್ಟು?" ಅಂದವರಿಗೆ ಪಿಡಿಎಫ್ ಕಳಿಸುವುದನ್ನು ನಿಲ್ಲಿಸಿ. ಆ ಪಿಡಿಎಫ್ ಹತ್ತು ನಿಮಿಷದಲ್ಲಿ ಪಕ್ಕದ ಸ್ಟುಡಿಯೊದಲ್ಲಿರುತ್ತದೆ, ಅವನು 5,000 ಕಮ್ಮಿ ಬರೆದು ಕೊಡುತ್ತಾನೆ. ತಾರೀಕು, ಛತ್ರ, ಎಷ್ಟು ಹೊತ್ತು, ಯಾವ ಕಡೆಯವರು, ಮಾತಾಡುತ್ತಿರುವವರು ಹೆಣ್ಣು ಗಂಡಿಗೆ ಏನಾಗಬೇಕು. ಈ ಐದು ಕೇಳಿದ ಮೇಲೆ ಬಾಯಲ್ಲೇ ಒಂದು ಮೊತ್ತ ಹೇಳಿ, ಸ್ಟುಡಿಯೊಗೆ ಕರೆಯುತ್ತೇನೆ. ಕೂತು ಆಲ್ಬಂ ತಿರುವಿದವರು ಮೂರರಲ್ಲಿ ಇಬ್ಬರು ಅಡ್ವಾನ್ಸ್ ಕೊಟ್ಟೇ ಏಳುತ್ತಾರೆ.

"ಕೊನೆಗೆ ಎಷ್ಟಕ್ ಮಾಡ್ಕೊಡ್ತೀರ?" ಅನ್ನುವ ಮಾತು ಬಂದೇ ಬರುತ್ತದೆ. ದರ ಇಳಿಸುವುದಿಲ್ಲ, ಕೆಲಸ ಇಳಿಸುತ್ತೇನೆ: ಆರತಕ್ಷತೆಗೆ ಜೋಡಿ ತಂಡ ಸಾಕೆಂದರೆ 18,000 ತಾನಾಗೇ ಇಳಿಯಿತು. ಆದರೂ ಮನೆಯ ಹಿರಿಯರು ಕೇಳಿ ಬರಿಗೈಯಲ್ಲಿ ಏಳಬಾರದು. ಅದಕ್ಕೇ 16×24 ಇಂಚಿನ ಒಂದು ಫ್ರೇಮ್ ಶೀಟಿನಲ್ಲಿ ಬರೆಯದೆ ಉಳಿಸಿಕೊಂಡಿರುತ್ತೇನೆ. ನನಗೆ ಅದು ಏಳೆಂಟುನೂರರ ಬಾಬತ್ತು.

ಪಂಚಾಂಗ ನೋಡದೆ ವರ್ಷದ 90 ಹೊತ್ತು ಲೆಕ್ಕ ಹಾಕಬೇಡಿ. 2024ರ ಮೇ, ಜೂನ್‌ನಲ್ಲಿ ಗುರು ಶುಕ್ರರ ಅಸ್ತ ಬಂದು ಮುಹೂರ್ತಗಳೇ ಇಲ್ಲವಾದವು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠ. ಇಂಥ ವರ್ಷ ಮದುವೆಗಳು ವೈಶಾಖಕ್ಕೆ ನುಗ್ಗುತ್ತವೆ, ಒಂದೇ ಭಾನುವಾರಕ್ಕೆ ನಾಲ್ಕು ಫೋನು, ಹುಡುಗರ ಕೂಲಿಯೂ ಏರುತ್ತದೆ. ಅಂಥ ತಾರೀಕಿಗೆ ಶೇ. 15 ಹೆಚ್ಚು, ಕೇಳಿದರೆ ಕಾರಣವನ್ನೂ ಹೇಳುತ್ತೇನೆ. ವಾರದ ನಡುವಿನ ಮುಹೂರ್ತಕ್ಕೆ ಇಳಿಸಿ ನೋಡಿದೆ, ಒಂದೂ ಬುಕಿಂಗ್ ಹೆಚ್ಚಲಿಲ್ಲ. ತಾರೀಕು ನಿರ್ಧರಿಸುವವರು ಪುರೋಹಿತರು, ನಮ್ಮ ಡಿಸ್ಕೌಂಟ್ ಅಲ್ಲ.

ಜಿಎಸ್‌ಟಿ: ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ, ಶೇ. 18. ಮೊದಲ ವರ್ಷ "ಎಲ್ಲಾ ಸೇರಿ 64" ಅಂದುಬಿಟ್ಟು ಕೈಗೆ ಬಂದದ್ದು 54,237. ಫ್ರೀಲಾನ್ಸ್ ಹುಡುಗರು ಬಿಲ್ ಕೊಡುವುದಿಲ್ಲ, ಆ ಕಡೆಯಿಂದ ತೆರಿಗೆ ಕ್ರೆಡಿಟ್ಟೂ ಇಲ್ಲ. ಕ್ಯಾಮೆರಾದಂಥದ್ದನ್ನು ಜಿಎಸ್‌ಟಿ ಬಿಲ್ ಹಾಕಿಸಿ ಕೊಂಡಾಗ ಕಟ್ಟಿದ ತೆರಿಗೆ ಮಾತ್ರ ಹಿಡಿದುಕೊಳ್ಳಬಹುದು. ಈಗ ಬಾಯಲ್ಲಿ ಹೇಳುವಾಗಲೇ "ಪ್ಲಸ್ ಟ್ಯಾಕ್ಸ್".

ನಡುವೆ ಮಾಡಿದ ಸಣ್ಣಪುಟ್ಟ ಪ್ರಯೋಗಗಳು. ಅದೇ ರಾತ್ರಿ ಐದು ರೀಲ್ಸ್ ಕೊಡಲು ಫೋನ್ ಹಿಡಿದ ಒಬ್ಬ ಹುಡುಗ, ದರ 6,000, ಖರ್ಚು 2,500: ಚೆನ್ನಾಗಿ ಓಡುತ್ತಿದೆ. ಲೈವ್ ಸ್ಟ್ರೀಮಿಂಗ್ ಕೈಬಿಟ್ಟೆ. ಊರಾಚೆಯ ಛತ್ರದಲ್ಲಿ ಸಾವಿರ ಫೋನು ಸೇರಿದಾಗ ನೆಟ್‌ವರ್ಕ್ ಮಾಂಗಲ್ಯದ ಹೊತ್ತಿಗೇ ಕೈಕೊಡುತ್ತದೆ, ಎರಡು ಸಲ ದುಡ್ಡು ವಾಪಸ್ ಕೊಟ್ಟಿದ್ದೇನೆ. ಮುಖ ತೋರಿಸಿದರೆ ಅವರವರ ಫೋಟೊ ಬರುವ ಕ್ಯುಆರ್ ಗ್ಯಾಲರಿ ನೆಂಟರಿಗೆ ಬಹಳ ಇಷ್ಟ, ಆದರೆ ದೊಡ್ಡ ಫೈಲ್ ಹಾಕಿದ ತಿಂಗಳು ಎರಡನೇ ಪ್ರತಿಯ ಆರ್ಡರ್ ಬಿದ್ದುಹೋಯಿತು. ಈಗ ಉದ್ದ ಅಂಚು 2,000 ಪಿಕ್ಸೆಲ್ ಮೀರದ ಸಣ್ಣ ಫೈಲಷ್ಟೇ.

ಹೊತ್ತಿನ ಲೆಕ್ಕ ಶುರುಮಾಡಿದ ಮೊದಲ ಸೀಸನ್ನಲ್ಲಿ 12 ಇದ್ದ ಬುಕಿಂಗ್ 7ಕ್ಕೆ ಇಳಿದದ್ದು ನಿಜ, ತಡೆದುಕೊಳ್ಳಲು ಕೈಯಲ್ಲಿ ಮೂರು ತಿಂಗಳ ಬಾಡಿಗೆ ಇರಲಿ. ವರ್ಷಕ್ಕೆ 41 ಮದುವೆ ಮಾಡಿ ಸಾಲ ಉಳಿದಿತ್ತು, ಈಗ 30 ಮಾಡಿ ಲ್ಯಾಬಿಗೆ ಮುಂಗಡ ಕೊಡುತ್ತೇನೆ.

ಇನ್ನೂ ಕೂಡದಿರುವುದು ಬೀಗರೂಟದ ದರ. ಊಟದ ಪಂಕ್ತಿ ಬಿಟ್ಟರೆ ತೆಗೆಯುವುದಕ್ಕೆ ಏನೂ ಇರುವುದಿಲ್ಲ, 14,000 ಜಾಸ್ತಿ ಅನ್ನುತ್ತಾರೆ, ಅದೂ ಸುಳ್ಳಲ್ಲ. ಇಳಿಸಿದರೆ ಭಾನುವಾರದ ಒಂದು ಜೋಡಿ ತಂಡ ಅಲ್ಲಿ ಸಿಕ್ಕಿಬಿದ್ದು ಬೇರೆ ಮನೆಯ ಚಪ್ಪರ ಕೈತಪ್ಪುತ್ತದೆ. ಈ ಕಾರ್ತಿಕದಿಂದ ಒಬ್ಬನೇ ಹುಡುಗ, ಫೋಟೊ ಮಾತ್ರ, 8,000 ಎಂದು ಇಟ್ಟು ನೋಡುತ್ತಿದ್ದೇನೆ.