ಸ್ಕೂಲಿಗೆ ಕಥೆ ಬರೀಬೇಕಾ? ಮೊದ್ಲು ಕೊನೆ ಎಲ್ಲಿ ಅಂತ ನೋಡ್ಕೊಳ್ಳಿ

ಕಥೆ ಬರ್ಕೊಂಡ್ ಬನ್ನಿ ಅಂತ ಟೀಚರ್ ಹೇಳಿದ್ ತಕ್ಷಣ ತುಂಬಾ ಮಕ್ಳು "ಒಂದು ಊರಲ್ಲಿ ಒಬ್ಬ ಹುಡುಗ ಇದ್ದ" ಅಂತ ಶುರು ಹಚ್ಕೊಂಡ್ಬಿಡ್ತಾರೆ, ಅರ್ಧ ಪುಟ ಆಗೋಷ್ಟರಲ್ಲಿ ಮುಂದೆ ಏನು ಅಂತ ತೋಚಲ್ಲ, ಆಮೇಲೆ ಒಂದು ಆಕ್ಸಿಡೆಂಟೋ ದೆವ್ವಾನೋ ತಂದು ಹಾಕಿ ಕೊನೇಲಿ "ಎಚ್ಚರ ಆಯ್ತು, ಇದೆಲ್ಲಾ ಕನಸು" ಅಂತ ಮುಗಿಸ್ತಾರೆ. ಮಕ್ಳಿಗೆ ಕಲ್ಪನೆ ಇಲ್ಲ ಅಂತಲ್ಲ ಇದು, ಕಥೆ ಎಲ್ಲಿಗೆ ಹೋಗಿ ನಿಲ್ಬೇಕು ಅಂತ ಮೊದ್ಲೇ ಗೊತ್ತಿಲ್ದೆ ಹೊರಟಿದ್ದಕ್ಕೆ ಹೀಗಾಗೋದು.

ಹಂಗಾಗಿ ಬರೆಯೋಕ್ ಮುಂಚೆ ರಫ್ ಹಾಳೇಲಿ ನಾಲ್ಕೇ ಸಾಲು ಗೀಚ್ಕೊಳ್ಳಿ. ಯಾರು, ಅವರಿಗೆ ಏನು ಬೇಕು, ಅಡ್ಡ ಬರೋದು ಏನು, ಕೊನೇಲಿ ಅವರು ಏನು ಮಾಡ್ತಾರೆ. ಉದಾಹರಣೆಗೆ ಮೀನಾ ಅಂತ ಹುಡುಗಿ, ಗೆಳತಿ ಸ್ನೇಹಾಳ ಡ್ರಾಯಿಂಗ್ ಬುಕ್ ಮೇಲೆ ಇಂಕ್ ಚೆಲ್ಲಿದಾಳೆ, ಯಾರಿಗೂ ಗೊತ್ತಾಗೋ ಮುಂಚೆ ಸರಿ ಮಾಡ್ಬೇಕು ಅಂತ ಒದ್ದಾಡ್ತಿದಾಳೆ, ಆದ್ರೆ ಒರೆಸಿದಷ್ಟೂ ಕಲೆ ಹರಡ್ತಿದೆ, ಬೆಲ್ ಬೇರೆ ಹೊಡೀತು. ಕೊನೇಲಿ ತಾನೇ ಬುಕ್ ತಗೊಂಡ್ ಹೋಗಿ ಸ್ನೇಹಾ ಕೈಗೆ ಕೊಡ್ತಾಳೆ. ಅಷ್ಟೇ ಕಥೆ. ಒಂದು ಕ್ಲಾಸ್‌ರೂಮು, ಅರ್ಧ ಗಂಟೆ, ಇಬ್ರು ಹುಡುಗೀರು. ಎರಡು ಪುಟದ ಕಥೇಲಿ ಐದು ವರ್ಷದ ವಿಷಯ, ಎಂಟು ಜನ ಪಾತ್ರಗಳು ಹಿಡಿಯಲ್ಲ, ತುರುಕೋಕೆ ಹೋದ್ರೆ ಕಥೆ ಹೋಗಿ ವರದಿ ಆಗುತ್ತೆ.

ಶುರು ಮಾಡೋದು ಇಂಕ್ ಚೆಲ್ಲಿದ ಕ್ಷಣದಿಂದಾನೇ ಮಾಡಿ. ಮೀನಾ ಬೆಳಿಗ್ಗೆ ಎದ್ದಿದ್ದು, ಹಲ್ಲುಜ್ಜಿದ್ದು, ಸ್ಕೂಲಿಗೆ ಬಂದಿದ್ದು ಯಾವ್ದೂ ಬೇಡ.

ಇನ್ನು ನನಗೆ ತುಂಬಾ ಮುಖ್ಯ ಅನ್ಸೋದು ಇದು. "ಮೀನಾಗೆ ತುಂಬಾ ಭಯವಾಯಿತು" ಅಂತ ಬರೆದ್ರೆ ಓದೋರಿಗೆ ಸುದ್ದಿ ಸಿಗುತ್ತೆ, ಭಯ ತಟ್ಟಲ್ಲ. ಅದರ ಬದ್ಲು "ಮೀನಾ ಪುಸ್ತಕ ಮುಚ್ಚಿ ಅದರ ಮೇಲೆ ಮೊಣಕೈ ಊರಿ ಕೂತಳು. ಸ್ನೇಹಾ ಹತ್ತಿರ ಬಂದಾಗಲೂ ಕೈ ತೆಗೆಯಲಿಲ್ಲ" ಅಂತ ಬರೀರಿ, ಭಯ ಅನ್ನೋ ಪದಾನೇ ಇಲ್ಲ ಆದ್ರೂ ಎದೆ ಡವಡವ ಅನ್ನುತ್ತೆ ಅಲ್ವಾ. ಪೂರ್ತಿ ಕಥೆ ಹಿಂಗೇ ಬರೀಬೇಕಿಲ್ಲ, ಮುಖ್ಯವಾದ ಎರಡು ಮೂರು ಜಾಗದಲ್ಲಿ ಮಾಡಿದ್ರೆ ಸಾಕು.

ಮಾತುಕತೆ ಹಾಕಿ, ಆದ್ರೆ ಕಡ್ಮೆ. ನಿರೂಪಣೆ ಗ್ರಂಥಸ್ಥ ಭಾಷೇಲಿದ್ರೂ ಪಾತ್ರಗಳು ಮಾತಾಡೋದು ಮಾತಾಡೋ ಥರಾನೇ ಇರ್ಲಿ, "ನನ್ನ ಪುಸ್ತಕವನ್ನು ನೀನು ಎಲ್ಲಿ ಇಟ್ಟಿರುವೆ" ಅಂತ ಯಾವ ಹುಡುಗೀನೂ ಗೆಳತೀನ ಕೇಳಲ್ಲ, "ನನ್ ಬುಕ್ ಎಲ್ಲೇ?" ಅಂತಾಳೆ. ಒಬ್ಬರ ಮಾತು ಮುಗಿದು ಇನ್ನೊಬ್ಬರು ಶುರು ಮಾಡಿದಾಗ ಹೊಸ ಸಾಲಿಗೆ ಹೋಗಿ, ಉದ್ಧರಣ ಚಿಹ್ನೆ ಮರೀಬೇಡಿ.

ಬರೆದಾದ್ಮೇಲೆ ಒಂದ್ ರಾತ್ರಿ ಬಿಟ್ಟು ಮಾರನೇ ದಿನ ಜೋರಾಗಿ ಓದಿ. "ಅವಳು" ಅಂತ ಶುರುವಾಗಿದ್ದು ನಡುವೆ ಎಲ್ಲೋ "ನಾನು" ಆಗಿರುತ್ತೆ, "ಓಡಿದಳು" ಅಂತಿದ್ದಿದ್ದು "ಓಡುತ್ತಾಳೆ" ಆಗಿರುತ್ತೆ, ಕಣ್ಣಿಗೆ ಬೀಳದೇ ಇರೋದು ಕಿವಿಗೆ ಬೀಳುತ್ತೆ. ನಾಲಿಗೆ ತಡವರಿಸಿದ ಕಡೆ ಆ ವಾಕ್ಯಾನ ಎರಡು ಮಾಡಿ.

ಕೊನೇಲಿ "ಆದ್ದರಿಂದ ನಾವು ಸುಳ್ಳು ಹೇಳಬಾರದು" ಅಂತ ಸೇರಿಸೋಕೆ ಕೈ ತುರಿಸುತ್ತೆ, ಟೀಚರ್ ನೀತಿ ಬರೀಲೇಬೇಕು ಅಂತ ಹೇಳಿರದಿದ್ರೆ ಬಿಟ್ಬಿಡಿ. ಸ್ನೇಹಾ ಬುಕ್ ತೆರೆದು ಆ ನೀಲಿ ಕಲೆ ನೋಡ್ತಾ ನಿಂತಳು, ಅಲ್ಲಿಗೆ ಪೆನ್ ಕೆಳಗಿಡಿ.